ಹಕ್ಕಿ ಕಾಳು ತಿಂದು ಏಳುವ ತನಕ

ಬೆಲ್ಲದ ಬಾಗೇವಾಡಿಯ ದಾದಾಸಾಹೇಬರ ಹಿತ್ತಲಿನಲ್ಲಿ ಒಂದು ಹಳೆಯ ಹುಣಸೆಮರ. ಯುಗಾದಿಯಾದ ಮೇಲೆ ಒಂದು ಸಂಜೆ ಎದ್ದ ಗಾಳಿಗೆ ಅದರ ದೊಡ್ಡ ಟೊಂಗೆಯೊಂದು ಬುಡದಲ್ಲಿ ಸೀಳಿತು. ಸೀಳಿದರೂ ಕಳಚಿ ಬೀಳಲಿಲ್ಲ. ಅದರ ಕೆಳಗೆ ದನದ ಕೊಟ್ಟಿಗೆ. ಗಾಳಿ ಬೀಸಿದಾಗಲೆಲ್ಲ ಟೊಂಗೆ ಕಿರ್ ಎನ್ನುತ್ತಿತ್ತು. ಒಳಗೆ ಎಮ್ಮೆಗಳು ಹೆದರಿ ಹಗ್ಗ ಜಗ್ಗುತ್ತಿದ್ದವು. ಅದನ್ನು ಕೊಯ್ದು ಇಳಿಸಿ ಕೊಡಬೇಕೆಂದು ದಾದಾಸಾಹೇಬರು ಧುಪದಾಳದ ಲಗಮಣ್ಣನಿಗೆ ಹೇಳಿ ಕಳಿಸಿದರು.

ಲಗಮಣ್ಣನದು ಮರ ಕಡಿಯುವ ಮನೆತನ. ಅರವತ್ತು ದಾಟಿ ಮೊಣಕಾಲು ಸೋತ ಮೇಲೆ ಅವನು ಮರ ಹತ್ತುವುದನ್ನು ಬಿಟ್ಟಿದ್ದನು. ಈಗ ಹತ್ತುವವನು ಮಗ ಕಿಶೋರ. ಹಗ್ಗ ಹಿಡಿಯುವವನು ತಮ್ಮನ ಮಗ ಲಖನ. ಲಗಮಣ್ಣನ ಕೆಲಸ ಕೆಳಗೆ ನಿಂತು ಕೂಗುವುದು.

ಈ ಕೂಗುವುದು ಅವರಲ್ಲಿ ಹಿಂದಿನಿಂದ ಬಂದ ರೂಢಿ. ಮರದ ಮೇಲೆ ಒಬ್ಬನಿದ್ದರೆ ಕೆಳಗೆ ಒಬ್ಬನು ಅವನನ್ನೇ ನೋಡುತ್ತ ನಿಲ್ಲಬೇಕು. ಬೇರೆ ಕೆಲಸಕ್ಕೆ ಕೈ ಹಾಕಬಾರದು. ಆಗಾಗ ಹೆಸರು ಹಿಡಿದು ಕೂಗಬೇಕು. ಮೇಲಿದ್ದವನು "ಅದೇನಿ", ಇದ್ದೇನೆ, ಎಂದು ಉತ್ತರ ಕೊಡಬೇಕು. ಉತ್ತರ ತಡವಾದರೆ, ಇಲ್ಲವೇ ದನಿ ಬೇರೆಯಾದರೆ, ಕೆಲಸ ಎಷ್ಟೇ ಉಳಿದಿರಲಿ ಅವನನ್ನು ಇಳಿಸಬೇಕು.

ಬೇಸಿಗೆಗೆ ಇನ್ನೊಂದು ರೂಢಿಯಿತ್ತು. ನಸುಕಿನಲ್ಲಿ ಹತ್ತಿ, ಬಿಸಿಲು ಬಲಿಯುವ ಮೊದಲು ಇಳಿದುಬಿಡುವುದು. ನಡುಹಗಲು ಹಸಿ ಟಾವೆಲ್ ಮುಖದ ಮೇಲೆ ಹಾಕಿಕೊಂಡು ನೆರಳಿನಲ್ಲಿ ಮಲಗುವುದು. ಹೊತ್ತು ಇಳಿದ ಮೇಲೆ ಮತ್ತೆ ಹತ್ತುವುದು. ಮೂಡಲಗಿ ಕಡೆಯ ತೋಟಗಳಲ್ಲಿ ಆ ತಿಂಗಳೆಲ್ಲ ಹಾಗೆಯೇ ಕೆಲಸ ಮಾಡಿ ಬಂದಿದ್ದರು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಎತ್ತಿಗೂ ಗೊತ್ತಿದ್ದ ಮಾತು ಅದು.

ಅದರಂತೆ ದಾದಾಸಾಹೇಬರ ಮನೆಗೂ ಅವರು ನಸುಕಿನಲ್ಲೇ ಹೋದರು. ಮನೆಯಿಂದ ಹೊರಡುವಾಗ ಕಿಶೋರನ ತಾಯಿ ಕೆಂಪವ್ವ ಒಂದು ಉಳ್ಳಾಗಡ್ಡಿಯನ್ನು ಅವನ ಅಂಗಿಯ ಕಿಸೆಗೆ ಹಾಕಿದಳು. ಬಿಸಿಲು ತಟ್ಟಬಾರದೆಂದು ಅವಳು ಬೇಸಿಗೆಯಲ್ಲಿ ದಿನವೂ ಹಾಗೆ ಮಾಡುತ್ತಿದ್ದಳು. ಬಾಗೇವಾಡಿಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಲಗಮಣ್ಣ ಮಗನ ಕಿಸೆ ನೋಡಿದನು.

"ಅದನ್ನ ಹೊರಗ ಇಡು. ಜೈನರ ಮನಿ. ಉಳ್ಳಾಗಡ್ಡಿ ಒಳಗ ಒಯ್ಯಬಾರದು."

"ನಾ ತಿನ್ನೂದಿಲ್ಲಪ್ಪಾ, ಕಿಸೇದಾಗ ಇರತೈತಿ."

"ಇಡಂದ್ರ ಇಡು."

ಕಿಶೋರ ಅದನ್ನು ಗೇಟಿನ ಪಕ್ಕದ ಗೋಡೆಯ ಮೇಲೆ ಇಟ್ಟನು. "ಕಾಯ್ಕೋತ ಕುಂಡ್ರಪಾ" ಎಂದು ಅದಕ್ಕೆ ಹೇಳಿದನು. ಲಖನ ನಕ್ಕನು. ಕಿಶೋರನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವನಿಗೆ ಮೂವತ್ತು ವರ್ಷ. ಮದುವೆಯಾಗಿ ಒಂದು ಹೆಣ್ಣುಕೂಸಿತ್ತು. ಆದರೂ ಎಲ್ಲಿ ಹೋದರೂ ಒಂದು ನಗೆ ಎಬ್ಬಿಸದೆ ಬರುವವನಲ್ಲ.

ದಾದಾಸಾಹೇಬರು ಹಲ್ಲುಜ್ಜುತ್ತ ಹೊರಗೆ ಬಂದರು. ಐವತ್ತರ ಆಸುಪಾಸಿನ ಒಕ್ಕಲುತನದವರು, ಮೆತ್ತನೆಯ ಮಾತಿನವರು.

"ಇಷ್ಟ ಲಗೂನ ಬಂದಿಯಲ್ಲ ಲಗಮಣ್ಣ. ಅವ್ವ ಬಸದಿಗೆ ಹೊಂಟಾಳ. ಬಂದು ಕಾಳು ಹಾಕತಾಳ. ಹಕ್ಕಿ ತಿಂದು ಎದ್ದ ಮ್ಯಾಲ ಗಿಡಕ್ಕ ಕೈ ಹಚ್ಚೂದು."

"ಎಷ್ಟೊತ್ತಾಗತೈತ್ರಿ ಸಾವಕಾರ್ರ?"

"ಅವಕ್ಕೇನ ಗಡಿಯಾರ ಐತೇನಪಾ? ಕುಂಡ್ರು, ಚಾ ಕುಡಿ."

ದಾದಾಸಾಹೇಬರ ತಾಯಿ ಜಿನ್ನವ್ವ ಎಪ್ಪತ್ತೈದರ ಮೇಲಿನವರು. ಕಟ್ಟುನಿಟ್ಟಿನ ವ್ರತದವರು. ನೀರು ಸೋಸದೆ ಕುಡಿದವರಲ್ಲ; ಸೋಸಿದ ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವ ಸಾಯಬಾರದೆಂದು ಆ ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಿಸುತ್ತಿದ್ದರು. ಹುಣಸೆಮರದ ಕೆಳಗೆ ಅವರ ಗಂಡ ಹಾಕಿಸಿದ ಒಂದು ಹಾಸುಗಲ್ಲಿತ್ತು. ದಿನವೂ ಬಸದಿಯಲ್ಲಿ ಅಭಿಷೇಕ ನೋಡಿ ಬಂದು ಆ ಕಲ್ಲಿನ ಮೇಲೆ ಜೋಳ ಚೆಲ್ಲುತ್ತಿದ್ದರು. ಗುಬ್ಬಿ, ಬೆಳವ, ಗೊರವಂಕ, ಗಿಳಿ ಎಲ್ಲ ಇಳಿಯುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಒಂದು ದಿನವೂ ಇದು ತಪ್ಪಿರಲಿಲ್ಲ. ಉಣ್ಣುತ್ತಿದ್ದ ಹಕ್ಕಿಯ ತಲೆಯ ಮೇಲೆ ಕೊಡಲಿಯೆತ್ತುವುದು ಅವರ ಮನಸ್ಸಿಗೆ ಬಾರದ ಮಾತು. ಇನ್ನು ಹೊತ್ತು ಇಳಿದರೆ ಹಕ್ಕಿಗಳು ರಾತ್ರಿಯ ವಾಸಕ್ಕೆ ಬರುತ್ತವೆ. ಆಗಲೂ ಮರಕ್ಕೆ ಕೈ ಹಚ್ಚಬಾರದು. ಹೀಗೆ ಬೆಳಗಿನ ತಂಪೂ ಸಂಜೆಯ ತಂಪೂ ಹಕ್ಕಿಗಳ ಪಾಲಾಗಿ, ಮನುಷ್ಯರ ಪಾಲಿಗೆ ನಡುಹಗಲು ಉಳಿಯಿತು.

ಜಿನ್ನವ್ವ ಬಸದಿಯಿಂದ ಬಂದಾಗ ಬಿಸಿಲು ಮಾಡಿನ ಮೇಲೆ ಬಿದ್ದಿತ್ತು. ಅವರು ಬುಟ್ಟಿಯಿಂದ ಜೋಳ ಚೆಲ್ಲಿ, ಕೈಮುಗಿದು, ಕಟ್ಟೆಯ ಮೇಲೆ ಕುಳಿತು ಹಕ್ಕಿಗಳನ್ನು ನೋಡುತ್ತಿದ್ದರು. ಆ ಮುಖದಲ್ಲಿ ಕಪಟವಿರಲಿಲ್ಲ. ಮಕ್ಕಳು ಉಣ್ಣುವುದನ್ನು ನೋಡುವ ತಾಯಿಯ ಮುಖ ಅದು.

"ಹಕ್ಕಿ ನಾಷ್ಟಾ ನಡದೈತಿ" ಎಂದು ಕಿಶೋರ ಲಖನನಿಗೆ ಹೇಳಿದನು. "ಇನ್ನ ಚಾ ಕೊಟ್ಟು, ಅಡಿಕಿ ಎಲಿ ಕೊಟ್ಟು ಕಳಿಸಿದ ಮ್ಯಾಲ ನಮ್ಮನ್ನ ಕರೀತಾರ."

ಜಿನ್ನವ್ವನಿಗೆ ಅದು ಕೇಳಿಸಿತು. ಅವರೂ ನಕ್ಕರು. "ಯಾರೋ ಅಂವ? ನಿನ್ನ ಮಗನೇನೊ ಲಗಮಣ್ಣಾ? ಬಾಯಿ ಭಾಳ ಜೋರೈತಿ."

"ಹೌದ್ರಿ ಅವ್ವಾರ. ಮೈಯೆಲ್ಲ ಬಾಯಿ."

ಕಿಶೋರ ಮುಂದೆ ಬಂದನು. "ಅಜ್ಜೀ, ಒಂದ ಮಾತ ಹೇಳ್ಲೇನ್ರಿ? ಕಾಳು ಆ ಬೇವಿನ ಗಿಡದ ಬುಡಕ್ಕ ಹಾಕ್ರಿ. ಹಕ್ಕಿ ಅಲ್ಲಿ ಉಣ್ಣಲಿ. ನಾವು ಇಲ್ಲಿ ದುಡೀತೇವಿ."

ಬೇವಿನ ಮರ ಅಂಗಳದ ಆಚೆ ತುದಿಯಲ್ಲಿ, ಬಾವಿಯ ಹತ್ತಿರ ಇತ್ತು.

"ನಿನಗೂ ಒಂದ ಮುಷ್ಟಿ ಅಲ್ಲೇ ಹಾಕತೇನಿ, ಬಾ" ಎಂದರು ಜಿನ್ನವ್ವ. ಎಲ್ಲರೂ ನಕ್ಕರು. ದಾದಾಸಾಹೇಬರು ಮಾತ್ರ ಅರ್ಧ ನಗುತ್ತ, "ಏ, ಆ ಕಲ್ಲು ನಮ್ಮ ಅಪ್ಪಾರು ಹಾಕಿಸಿದ್ದು. ನಾ ಕಣ್ಣ ಬಿಟ್ಟಾಗಿಂದ ಇಲ್ಲೇ ಹಾಕತಾರ" ಎಂದರು.

ಲಗಮಣ್ಣ ಮಗನ ತೋಳು ಹಿಡಿದು ಹಿಂದೆ ಎಳೆದನು. "ಹಿರೇರ ಮುಂದ ಬಾಯಿ ಬಿಗಿಹಿಡಿ."

ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ದಿನ ಅವರು ಟೊಂಗೆಯ ತುದಿಯ ಸಣ್ಣ ರೆಂಬೆಗಳನ್ನೂ ಎಲೆಯ ಭಾರವನ್ನೂ ಇಳಿಸಿದರು. ಹಕ್ಕಿಗೂಡು ಇದೆಯೇ ಎಂದು ಕಿಶೋರ ಒಂದೊಂದು ಕವಲನ್ನೂ ನೋಡಿದನು. ಆ ಟೊಂಗೆಯಲ್ಲಿ ಒಂದೂ ಇರಲಿಲ್ಲ. ಬಿಸಿಲು ಬಲವಾಗಿತ್ತು, ಆದರೆ ಮೇಲೆ ಎಲೆಯಿತ್ತು. ಮನೆಯವರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತಾವು ಕುಡಿಯುವ ಲೋಟದಲ್ಲೇ ಮಜ್ಜಿಗೆ ಕೊಟ್ಟರು. ಜಿನ್ನವ್ವ ತಾವೇ ಟಾವೆಲ್ ತೋಯಿಸಿ ಹಿಂಡಿ ಕಳಿಸಿದರು. ಹೊತ್ತು ಇಳಿಯುತ್ತಲೇ, "ಸಾಕಪಾ, ಅವು ಬರೂ ಹೊತ್ತಾತು" ಎಂದು ಇಳಿಸಿದರು.

ಆ ರಾತ್ರಿ ಊಟಕ್ಕೆ ಕುಳಿತಾಗ ಲಖನ ನಗೆಯಾಡುತ್ತ ಹಕ್ಕಿಗಳ ನಾಷ್ಟಾದ ಕತೆ ಹೇಳಿದನು. ಕೆಂಪವ್ವ ನಗಲಿಲ್ಲ.

"ಹಕ್ಕಿಗೆ ತ್ರಾಸ ಆಗಬಾರದು. ನಿಮಗ ಬಿಸಲ ಬಡದ್ರ ನಡೀತೈತೇನು? ನೀವರೆ ಹೇಳಬಾರದಾ?"

"ಹಂಗನಬ್ಯಾಡ" ಎಂದನು ಲಗಮಣ್ಣ. "ಜೀವ ಕಾಯೋ ಮಂದಿ ಅವರು. ನಾವು ದಿನಾ ಸಂಜಿಕ್ಕ ಹೇಳೂದೂ ಅದನ್ನ ಅಲ್ಲೇನು?"

ಅವನ ತಂದೆಯ ಕಾಲದಲ್ಲಿ ಅವರ ಮನೆ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಬಾಜೂ ಬಾಬಾಸಾಹೇಬರ ಚಿತ್ರ. ಸಂಜೆ ದೀಪ ಹಚ್ಚಿ ಲಗಮಣ್ಣ ತ್ರಿಶರಣ, ಪಂಚಶೀಲ ಹೇಳುತ್ತಿದ್ದನು. ಐದು ಶೀಲಗಳಲ್ಲಿ ಮೊದಲನೆಯದು ಜೀವಹಿಂಸೆ ಮಾಡುವುದಿಲ್ಲವೆಂಬುದು. ಜಿನ್ನವ್ವ ಹಕ್ಕಿಗಳಿಗಾಗಿ ಕಾಯಿರಿ ಎಂದಾಗ ಅವನಿಗೆ ಸಿಟ್ಟು ಬರಲಿಲ್ಲ, ಗೌರವ ಬಂತು. ತನ್ನದೇ ಶೀಲವನ್ನು ತನಗಿಂತ ಚೆನ್ನಾಗಿ ನಡೆಸುವವರು ಇವರು ಎನಿಸಿತು. ಬೇರೆ ಯಾರೇ ಆಗಿದ್ದರೂ, ಒಬ್ಬ ಗುತ್ತಿಗೆದಾರನೋ ಇಂಜಿನಿಯರನೋ ನಡುಹಗಲಿನಲ್ಲಿ ಹತ್ತು ಎಂದಿದ್ದರೆ, ಅವನು ಕೊಡಲಿ ಹೆಗಲಿಗೇರಿಸಿ ಮನೆಗೆ ಬರುತ್ತಿದ್ದನು. ದಯೆಯ ಮಾತಿಗೆ ಎದುರು ನಿಲ್ಲುವುದು ಅವನಿಗೆ ಬರುತ್ತಿರಲಿಲ್ಲ.

ರಾತ್ರಿ ಗಾಳಿ ಎದ್ದಿತು. ಬೆಳಗ್ಗೆ ಹೋದಾಗ ಸೀಳು ಹಿಂದಿನ ದಿನಕ್ಕಿಂತ ಅಗಲವಾಗಿತ್ತು.

"ಇವತ್ತ ಇಳಿಸಾಕ ಬೇಕು ಲಗಮಣ್ಣ" ಎಂದರು ದಾದಾಸಾಹೇಬರು. "ರಾತ್ರಿಯೆಲ್ಲ ದನಾ ಹೊರಗ ಕಟ್ಟೇನಿ. ನಿದ್ದಿಲ್ಲ ನನಗ."

ಆದರೂ ಜಿನ್ನವ್ವ ಬಸದಿಯಿಂದ ಬರಬೇಕು. ಕಾಳು ಬೀಳಬೇಕು. ಹಕ್ಕಿ ಏಳಬೇಕು. ಆ ದಿನ ಎಲ್ಲಿಂದಲೋ ಗಿಳಿಗಳ ಹಿಂಡೊಂದು ಬಂದು ಕಲ್ಲನ್ನು ತುಂಬಿತು. ಹಿಂದಿನಿಂದ ಬಂದ ಬೆಳವಗಳಿಗೆ ಕಾಳು ಉಳಿಯಲಿಲ್ಲ. ಪಾಪ, ಅವು ಹಸಿದು ಹೋಗಬಾರದೆಂದು ಜಿನ್ನವ್ವ ಒಳಗೆ ಹೋಗಿ ಇನ್ನೊಂದು ಬೊಗಸೆ ತಂದರು. ಕಿಶೋರ ಹಗ್ಗದ ಸುರುಳಿಯ ಮೇಲೆ ಕುಳಿತು ಆಕಾಶ ನೋಡಿದನು. ಅಂದು ಅವನು ಏನೂ ನಗೆಯಾಡಲಿಲ್ಲ.

ಅವನು ಹತ್ತಿದಾಗ ನೆಲ ಕಾಲಿಗೆ ಚುರುಗುಟ್ಟುತ್ತಿತ್ತು. ಟೊಂಗೆಯನ್ನು ಎರಡು ಹಗ್ಗದಿಂದ ಮೇಲಿನ ಕವಲಿಗೆ ಕಟ್ಟಿದರು. ಕಿಶೋರ ತನ್ನ ಸೊಂಟದ ಹಗ್ಗವನ್ನು ಬೊಡ್ಡೆಗೆ ಬಿಗಿದು, ಗರಗಸದ ಮಷೀನು ಚಾಲೂ ಮಾಡಿದನು. ಆಗ ಲಗಮಣ್ಣನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಿನ್ನೆ ಎಲೆಯ ರೆಂಬೆಗಳನ್ನೆಲ್ಲ ಇಳಿಸಿದ್ದರಿಂದ, ಕಿಶೋರ ಕುಳಿತ ಜಾಗಕ್ಕೆ ಇಂದು ನೆರಳೇ ಇರಲಿಲ್ಲ. ತಮ್ಮ ಕೈಯಿಂದಲೇ ಅದನ್ನು ಕಡಿದು ಹಾಕಿದ್ದರು.

"ಕಿಶೋರಾ."

"ಅದೇನಿ."

ಮಷೀನು ಕೂಗಿತು. ಬಿಳಿಯ ಪುಡಿ ಉದುರಿತು. ಲಖನ ಹಗ್ಗದಿಂದ ನೀರಿನ ಬಾಟಲಿ ಮೇಲೆ ಕಳಿಸಿದನು. ಕಿಶೋರ ಕುಡಿದು, ಉಳಿದದ್ದನ್ನು ತಲೆಗೆ ಸುರುವಿಕೊಂಡನು. ಆ ನೀರು ಅಂಗಿಯ ಮೇಲೆ ಹರಿದದ್ದು ನೋಡುತ್ತಿರುವಾಗಲೇ ಒಣಗಿತು.

"ಕಿಶೋರಾ."

"ಅದೇನಿ."

ಹೊತ್ತು ನೆತ್ತಿಗೆ ಬಂತು. ಅವನ ಅಂಗಿಯ ಬೆನ್ನಿನಲ್ಲಿ ಬೆವರಿನ ಉಪ್ಪು ಬಿಳಿಯ ಗೆರೆಯಾಗಿ ನಿಂತಿತ್ತು. ಹೊಸ ಬೆವರು ಕಾಣಲಿಲ್ಲ.

"ಕಿಶೋರಾ. ಇಳಿ. ಸ್ವಲ್ಪ ನೆಳ್ಳಿಗೆ ಬಾ."

"ಅರ್ಧ ಕೊಯ್ದೇನಿ. ಈಗ ಹ್ಯಾಂಗ ಬಿಟ್ಟು ಇಳೀಲಿ? ದನದ ಮನಿ ಮ್ಯಾಲ ಬಿದ್ರ?"

ಟೊಂಗೆಗೆ ಮಷೀನು ಹಾಕಿದ ಮೇಲೆ ಅದನ್ನು ಅರ್ಧಕ್ಕೆ ಬಿಟ್ಟು ಇಳಿಯಬಾರದೆಂದು ಮಗನಿಗೆ ಕಲಿಸಿದವನು ಲಗಮಣ್ಣನೇ. ದಾದಾಸಾಹೇಬರು ಕಟ್ಟೆಯ ನೆರಳಿನಿಂದ, "ಒಂದೀಟ ಉಳದೈತಿ, ಮುಗಿಸಿ ಆರಾಮ ಇಳೀಲಿ ಬಿಡು. ಮಜ್ಜಿಗಿ ತರಸ್ತೇನಿ" ಎಂದರು. ಕೇಡು ಬಯಸಿ ಹೇಳಿದ ಮಾತಲ್ಲ ಅದು.

"ಕಿಶೋರಾ."

"ಹೂಂ."

ಲಗಮಣ್ಣ ಒಂದು ಹೆಜ್ಜೆ ಮುಂದೆ ಬಂದನು. ಮಷೀನಿನ ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಒತ್ತುವ ಕೈ ಒಂದೇ ಸಮವಿರಲಿಲ್ಲ.

"ಕಿಶೋರಾ."

"ಹಾಜರ್ರಿ ಸರ್."

ಲಖನ ಗಹಗಹಿಸಿ ನಕ್ಕನು. "ಸಾಲಿ ಸುರು ಆತು ನೋಡ ದೊಡ್ಡಪ್ಪಾ" ಎಂದನು. ಕಿಶೋರನ ಮಾತೆಂದರೆ ಅವನಿಗೆ ನಗೆಯೇ. ಅದು ನಗೆಯ ಮಾತಲ್ಲವೆಂದು ಅವನಿಗೆ ಹೇಗೆ ತಿಳಿಯಬೇಕು? ಲಗಮಣ್ಣನಿಗೆ ಮಾತ್ರ ತಿಳಿಯಿತು. ಆ ದನಿ ಮೂವತ್ತು ವರ್ಷದ ಗಂಡಸಿನದಾಗಿರಲಿಲ್ಲ. ಧುಪದಾಳದ ಕನ್ನಡ ಸಾಲಿಯ ಎರಡನೆಯ ಇಯತ್ತೆಯಲ್ಲಿ ಮಾಸ್ತರರು ಹೆಸರು ಕೂಗಿದಾಗ ಎದ್ದು ನಿಲ್ಲುವ ಹುಡುಗನ ದನಿ.

"ಹತ್ತೊ ಲಖನ. ಅವನನ್ನ ಇಳಸು. ಮಷೀನ ಬಂದ ಮಾಡು ಮದಲ."

ಲಖನ ಅರ್ಧ ಹತ್ತುವಷ್ಟರಲ್ಲಿ ಮಷೀನು ತಾನೇ ನಿಂತಿತು. ಕಿಶೋರ ಸೊಂಟದ ಹಗ್ಗದಲ್ಲಿ ಬಾಗಿ ಜೋತಾಡುತ್ತಿದ್ದನು.

ಕೆಳಗೆ ಇಳಿಸಿ ಕೊಟ್ಟಿಗೆಯ ನೆರಳಿನಲ್ಲಿ ಮಲಗಿಸಿದಾಗ ಅವನ ಮೈ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಹನಿ ಬೆವರಿಲ್ಲ. ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಜಿನ್ನವ್ವ ಓಡಿಬಂದರು. ಸೋಸಿದ ನೀರಿನ ಕೊಡ ಒಳಗಿತ್ತು. ಅವರು ಒಳಗೆ ಹೋಗಲಿಲ್ಲ. ಎಮ್ಮೆಯ ತೊಟ್ಟಿಯಿಂದಲೇ ಬಕೆಟ್ಟು ತುಂಬಿ ತುಂಬಿ ಕಿಶೋರನ ತಲೆ, ಎದೆ, ಕಾಲಿನ ಮೇಲೆ ಸುರುವಿದರು. ಬಾಯಲ್ಲಿ ಣಮೋಕಾರ ಮಂತ್ರ ನಡೆದಿತ್ತು. ವ್ರತ ಹಿಡಿದ ಮೇಲೆ ಸೋಸದ ನೀರನ್ನು ಅವರು ಬಳಸಿದ್ದು ಅದೇ ಮೊದಲು.

ದಾದಾಸಾಹೇಬರು ಕಾರು ತೆಗೆದರು. ಹಸಿಬಟ್ಟೆಯಲ್ಲಿ ಸುತ್ತಿ ಘಟಪ್ರಭೆಯ ಆಸ್ಪತ್ರೆಗೆ ಒಯ್ದರು. ದಾರಿಯಲ್ಲಿ ಕಿಶೋರ ಸೆಟೆದುಕೊಂಡನು. ಲಗಮಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಗಾಗ ಹೆಸರು ಹಿಡಿದು ಕೂಗುತ್ತಲೇ ಇದ್ದನು. ಉತ್ತರ ಬರಲಿಲ್ಲ. ಡಾಕ್ಟರರು ಮೈ ತಣಿಸಲು ಬರಫ ಹಚ್ಚಿದರು, ಬಾಟಲಿ ಏರಿಸಿದರು, ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಕಾವು ಮಿದುಳಿಗೆ ಮುಟ್ಟಿದೆ ಎಂದರು. ಮರುದಿನ ಬೆಳಗಿನ ತಂಪಿನಲ್ಲಿ, ಹೊರಗೆ ಗುಬ್ಬಿಗಳು ಎದ್ದು ಗದ್ದಲ ಹಾಕುತ್ತಿರುವಾಗ, ಕಿಶೋರ ಹೋದನು.

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದನ್ನು ಲಗಮಣ್ಣ ಎಲ್ಲರಿಗೂ ಹೇಳಿದನು. ಓಣಿಯ ಹುಡುಗರು ಬಾಗೇವಾಡಿಗೆ ಹೋಗಿ ಕೇಳೋಣವೆಂದು ಎದ್ದು ನಿಂತಾಗ ಕೈಮುಗಿದು ಕೂಡಿಸಿದನು. ಕೆಟ್ಟವನೊಬ್ಬ ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಒಬ್ಬನ ಮೇಲೆ ಸಿಟ್ಟು ಇಡಬಹುದಿತ್ತು. ಎಲ್ಲರೂ ಒಳ್ಳೆಯವರಾಗಿದ್ದು, ಎಲ್ಲರ ಕಣ್ಣ ಮುಂದೆ, ತುಂಬಿದ ನೀರಿನ ತೊಟ್ಟಿಯ ಬಾಜೂ, ಒಬ್ಬನು ಸುಟ್ಟುಹೋದನು. ಇದನ್ನು ಎಲ್ಲಿ ಇಡಬೇಕು?

ದಾದಾಸಾಹೇಬರೂ ಜಿನ್ನವ್ವನೂ ಧುಪದಾಳಕ್ಕೆ ಬಂದರು. ಜಿನ್ನವ್ವನ ಮುಖ ಇಳಿದುಹೋಗಿತ್ತು. ಕಿಶೋರನ ಹೆಂಡತಿ ಭಾಗ್ಯಾ ಕೂಸನ್ನು ಎತ್ತಿಕೊಂಡು ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಕುಳಿತುಕೊಳ್ಳಿ ಎಂದು ಅವಳೂ ಹೇಳಲಿಲ್ಲ, ಕೆಂಪವ್ವನೂ ಹೇಳಲಿಲ್ಲ. ಲಗಮಣ್ಣನೇ ಚಾಪೆ ಹಾಸಿದನು.

"ಅವ್ವ ಅವತ್ತಿಂದ ಉಪವಾಸ ಅದಾಳ್ರಿ" ಎಂದರು ದಾದಾಸಾಹೇಬರು. ಅವರ ಮಾತಿನಲ್ಲಿ ಈಗ ಬಹುವಚನ ಸೇರಿತ್ತು. "ಹನಿ ನೀರ ಬಿಟ್ರ ಏನೂ ಮುಟ್ಟಿಲ್ಲ."

"ಅವರು ಉಪವಾಸ ಇದ್ರ ನನ್ನ ಮಗ ಉಂಡಾನೇನ್ರಿ?" ಎಂದಳು ಕೆಂಪವ್ವ.

ಜಿನ್ನವ್ವ ಮೆಲ್ಲಗೆ, "ಕೆಂಪವ್ವಾ, ಅವನ ಹೆಸರಲೆ ನಮ್ಮ ಹಿತ್ತಲದಾಗ ಹಕ್ಕಿಗೆ ನೀರಿನ ತೊಟ್ಟಿ ಕಟ್ಟಸ್ತೇನಿ. ಬ್ಯಾಸಗ್ಯಾಗ ಯಾವ ಜೀವಾನೂ ನೀರಡಿಸಿ ಹೋಗಬಾರದು" ಎಂದರು.

ಕೆಂಪವ್ವ ಅವರ ಮುಖವನ್ನೇ ನೋಡಿದಳು.

"ಕಟ್ಟಸ್ರಿ ಅವ್ವಾರ. ಅವು ಇನ್ನೂ ಅದಾವಲ್ಲ."

ಆ ದಿನಗಳಲ್ಲಿ ಲಗಮಣ್ಣ ಸಂಜೆ ದೀಪ ಹಚ್ಚಿ ಕುಳಿತಾಗ ತ್ರಿಶರಣ ಹೇಳುತ್ತಿದ್ದನು; ಪಂಚಶೀಲಕ್ಕೆ ಬಂದರೆ ಮೊದಲನೆಯ ಮಾತಿನಲ್ಲೇ ನಾಲಿಗೆ ನಿಲ್ಲುತ್ತಿತ್ತು. ಜೀವಹಿಂಸೆ. ಯಾವ ಜೀವ? ಆ ಮಾತಿನೊಳಗೆ ತನ್ನ ಮಗ ಬರುತ್ತಾನೋ ಇಲ್ಲವೋ? ಬುದ್ಧನ ಚಿತ್ರ ಕಣ್ಣು ಮುಚ್ಚಿಕೊಂಡಿತ್ತು. ಭಾಗ್ಯಾ ಬಂದು ಹಿಂದೆ ಕುಳಿತು, ಉಳಿದ ಶೀಲಗಳನ್ನು ಹೇಳಿ ಮುಗಿಸುತ್ತಿದ್ದಳು. ಲಗಮಣ್ಣ ಕೈಮುಗಿದು ಸುಮ್ಮನೆ ಇರುತ್ತಿದ್ದನು. ನಂಬಿಕೆ ಹೋಗಿರಲಿಲ್ಲ. ಹೋಗಿದ್ದರೆ ದೀಪ ಹಚ್ಚುವ ಕಷ್ಟವಾದರೂ ತಪ್ಪುತ್ತಿತ್ತು.

ಆ ಟೊಂಗೆ ಬೀಳಲಿಲ್ಲ. ಇವತ್ತೇ ಇಳಿಸಬೇಕು ಎಂದಿದ್ದ ಟೊಂಗೆ, ಅರ್ಧ ಕೊಯ್ದದ್ದು, ಎರಡು ಹಗ್ಗಗಳ ಮೇಲೆ ದಿನಗಟ್ಟಲೆ ಹಾಗೆಯೇ ನಿಂತಿತು. ದಾದಾಸಾಹೇಬರು ಹುಕ್ಕೇರಿ ಕಡೆಯ ಮರ ಕಡಿಯುವವರಿಗೆ ಹೇಳಿ ನೋಡಿದರು. ಜೀವ ಹೋದ ಮರ ಎಂದು ಯಾರೂ ಬರಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ಕೊನೆಗೆ ಅವರು ಲಗಮಣ್ಣನಿಗೆ ಫೋನು ಮಾಡಿ, ಬಹಳ ಹೊತ್ತು ಬೇರೆ ಬೇರೆ ಮಾತಾಡಿದರು. ಕೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಲಗಮಣ್ಣನೇ ಹೇಳಿದನು.

"ನಾ ಬರ್ತೇನ್ರಿ ಸಾವಕಾರ್ರ. ಆದ್ರ ನಸುಕಿನ್ಯಾಗ ಹತ್ತತೇನಿ."

"ಆತ್ರಿ. ಅವ್ವಗ ಹೇಳ್ತೇನಿ" ಎಂದರು ದಾದಾಸಾಹೇಬರು.

ಕೆಂಪವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಮತ್ತ ಆ ಮನಿಗೆ? ಮೊಣಕಾಲ ಎತ್ತಾಕ ಬರೂದಿಲ್ಲ, ಗಿಡಾ ಹತ್ತಾವ್ರು. ಇದ್ದ ಒಬ್ಬಂವನ್ನ ಕೊಟ್ಟು ಬಂದ್ರಿ. ಸಾಲಲಿಲ್ಲೇನು?"

"ಅರ್ಧಕ್ಕ ಬಿಟ್ಟು ಬರಬಾರದಂತ ಅಂವ ಇಳೀಲಿಲ್ಲ ಕೆಂಪಿ. ಕಲಿಸಿದಂವ ನಾ. ಅಂವ ಬಿಟ್ಟ ಕೆಲಸ ಅದು. ಅದನ್ನ ಇನ್ನೊಬ್ರು ಬಂದು ಮುಗಿಸೂದು ಬ್ಯಾಡ."

"ಮತ್ತ ಕಾಳು ತಿನ್ನೂತನಕ ಕುಂಡ್ರು ಅಂದ್ರ?"

"ಕುಂಡ್ರೂದಿಲ್ಲ."

"ಹಂಗಾರ ಕೆಳಗ ನಿಂತು ಕೂಗಾಕ ನಾ ಬರ್ತೇನಿ" ಎಂದಳು ಕೆಂಪವ್ವ. "ಲಖನನ್ನ ನಾ ನಂಬೂದಿಲ್ಲ. ಅಂವ ನಗತಾನ."

ಲಖನ ಹೊಸ್ತಿಲಲ್ಲಿದ್ದನು. ತಲೆ ತಗ್ಗಿಸಿದನು.

ಅವರು ಬಾಗೇವಾಡಿ ಮುಟ್ಟಿದಾಗ ಮೂಡಲು ಇನ್ನೂ ಬೂದಿಬಣ್ಣ. ಗಾಳಿ ತಂಪಾಗಿತ್ತು. ಗೇಟಿನ ಪಕ್ಕದ ಗೋಡೆಯ ಮೇಲೆ ಒಂದು ಉಳ್ಳಾಗಡ್ಡಿ ಇತ್ತು. ಸಿಪ್ಪೆ ಸುಕ್ಕಾಗಿ ಒಣಗಿತ್ತು. ನೆತ್ತಿಯಲ್ಲಿ ಒಂದು ಹಸಿರು ಮೊಳಕೆ ಎದ್ದು ಅದೂ ಒಣಗಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಕೆಂಪವ್ವ ಅದನ್ನು ತೆಗೆದು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಳು. ಕಟ್ಟಿಕೊಂಡೇ ಒಳಗೆ ನಡೆದಳು. ಲಗಮಣ್ಣ ನೋಡಿದನು, ಹೊರಗೆ ಇಡು ಎನ್ನಲಿಲ್ಲ.

ಜಿನ್ನವ್ವ ಬಸದಿಗೆ ಹೊರಡಲು ಕಟ್ಟೆ ಇಳಿಯುತ್ತಿದ್ದರು. ಅವರು ಮೊದಲಿನ ಅರ್ಧದಷ್ಟಾಗಿದ್ದರು. ಹಾಸುಗಲ್ಲಿನ ಮೇಲೆ ಆಗಲೇ ಕೆಲವು ಗುಬ್ಬಿ, ಗೊರವಂಕ ಬಂದು ಕಾಯುತ್ತಿದ್ದವು. ಅವರು ಲಗಮಣ್ಣನನ್ನೂ ಕೊಡಲಿಯನ್ನೂ ನೋಡಿದರು, ಹಕ್ಕಿಗಳನ್ನು ನೋಡಿದರು. ಐವತ್ತು ವರ್ಷದ ರೂಢಿಯ ಮಾತು ಬಾಯಿಂದ ತಾನಾಗಿಯೇ ಹೊರಟಿತು.

"ಲಗಮಣ್ಣಾ, ನಾ ಬಸದಿಗೆ ಹೋಗಿ ಬಂದು ಕಾಳು ಹಾಕತೇನಿ. ಅವು ತಿಂದು ಏಳಲಿ, ಆಮ್ಯಾಲ..."

ಅಲ್ಲಿಗೇ ನಿಂತರು. ದಾದಾಸಾಹೇಬರು ನೆಲ ನೋಡಿದರು.

ಲಗಮಣ್ಣ ಕೊಡಲಿಯನ್ನು ಕೆಳಗಿಟ್ಟು ಕೈಮುಗಿದನು. ದನಿ ಏರಿಸಲಿಲ್ಲ.

"ಅವ್ವಾರ, ಕಾಳು ಆ ಬೇವಿನ ಗಿಡದ ಬುಡಕ್ಕ ಹಾಕ್ರಿ. ಹಕ್ಕಿ ಅಲ್ಲಿ ಉಣ್ಣಲಿ. ನಾವು ಇಲ್ಲಿ ದುಡೀತೇವಿ."

ಮಾತು ಯಾರದೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಈ ಸಲ ಯಾರೂ ನಗಲಿಲ್ಲ. ಜಿನ್ನವ್ವ ಒಳಗೆ ಹೋಗಿ ಬುಟ್ಟಿ ತಂದರು. ದೇವರ ದರ್ಶನ ಆಗಿರಲಿಲ್ಲ. ಹಾಸುಗಲ್ಲನ್ನು ದಾಟಿ, ಅಂಗಳ ದಾಟಿ, ಬಾವಿಯ ಹತ್ತಿರ ಹೋಗಿ ಬೇವಿನ ಬುಡದಲ್ಲಿ ಒಂದು ಹಿಡಿ ಜೋಳ ಚೆಲ್ಲಿದರು. ಕಾಳು ನೆಲಕ್ಕೆ ಬಿದ್ದ ಸದ್ದಿಗೆ ಕಲ್ಲಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಹುಣಸೆಯ ಒಳಗಿನಿಂದಲೂ ಎದ್ದವು. ಅಂಗಳದ ಮೇಲೆ ಒಂದು ಸುತ್ತು ಹಾರಿ ಬೇವಿನ ಬುಡಕ್ಕೆ ಇಳಿದು ತಿನ್ನತೊಡಗಿದವು. ಹುಣಸೆಯಲ್ಲಿ ಒಂದು ಗುಬ್ಬಿಯೂ ಉಳಿಯಲಿಲ್ಲ.

"ಹೋದ್ವು" ಎಂದರು ದಾದಾಸಾಹೇಬರು, ತಮಗೇ ಹೇಳಿಕೊಂಡಂತೆ.

"ಹೋಗತಾವ್ರಿ" ಎಂದಳು ಕೆಂಪವ್ವ. "ಅವಕ್ಕ ಕಾಳು ಎಲ್ಲಿದ್ರೂ ಆತು."

ಜಿನ್ನವ್ವ ಅವರ ಮುಖ ನೋಡಲಿಲ್ಲ. ಬುಟ್ಟಿಯಲ್ಲಿ ಇನ್ನೂ ಕಾಳು ಇತ್ತು. ಕೈ ಅದರೊಳಗೆ ಹಾಗೆಯೇ ನಿಂತಿತ್ತು. ಅವರು ಬಾವಿಯ ಕಟ್ಟೆಯಿಂದ ಹುಣಸೆಯ ಕಲ್ಲಿನವರೆಗೆ, ಆ ಸ್ವಲ್ಪ ನೆಲವನ್ನು, ಮೊದಲ ಸಲ ನೋಡುವವರಂತೆ ನೋಡಿದರು.

ಲಗಮಣ್ಣ ಹತ್ತಿದನು. ಮೊಣಕಾಲು ಏಳದ ಕಡೆ ಲಖನ ಕೆಳಗಿನಿಂದ ಹೆಗಲು ಕೊಟ್ಟನು. ಮೇಲೆ ಕವಲಿನಲ್ಲಿ ಮಗ ಕುಳಿತ ಜಾಗದಲ್ಲಿ ಕುಳಿತು, ಸೊಂಟಕ್ಕೆ ಹಗ್ಗ ಬಿಗಿದುಕೊಂಡನು. ಕೊಯ್ದ ಗಾಯ ಒಣಗಿ ಕಪ್ಪಾಗಿತ್ತು. ಎಷ್ಟು ಉಳಿದಿದೆಯೆಂದು ಬೆರಳಿಟ್ಟು ನೋಡಿದನು. ಮಷೀನು ಅವನಿಗೆ ಒಗ್ಗದು, ಕೈಗರಗಸ ತೆಗೆದನು.

ಕೆಳಗೆ ಕೆಂಪವ್ವ ಕತ್ತು ಎತ್ತಿ ನಿಂತಳು. ಗಂಡನ ಹೆಸರನ್ನು ಅವಳು ಮದುವೆಯಾದಂದಿನಿಂದ ಬಾಯಿಯಲ್ಲಿ ಎತ್ತಿರಲಿಲ್ಲ. ಕೂಗಬೇಕಾದರೆ ಅವಳಿಗಿದ್ದದ್ದು ಒಂದೇ ಹೆಸರು.

"ಕಿಶೋರನ ಅಪ್ಪಾ."

ಬಾವಿಯ ಹತ್ತಿರ ಜಿನ್ನವ್ವನ ಕೈಯಿಂದ ಬುಟ್ಟಿ ಜಾರಿತು.

"ಅದೇನಿ" ಎಂದನು ಲಗಮಣ್ಣ.

ಗರಗಸ ನಡೆಯಿತು. ಲಖನ ಹಗ್ಗ ಹಿಡಿದು ನಿಂತನು. ತುಸು ಹೊತ್ತಿಗೊಮ್ಮೆ ಆ ಕೂಗು ಎದ್ದು ಅಂಗಳದ ಗೋಡೆಗಳಿಗೆ ತಾಗುತ್ತಿತ್ತು. ಕಿಶೋರನ ಅಪ್ಪಾ. ಅದೇನಿ. ಕಿಶೋರನ ಅಪ್ಪಾ. ಅದೇನಿ. ದಾದಾಸಾಹೇಬರು ಒಳಗೆ ಹೋದರು. ಜಿನ್ನವ್ವ ಹೋಗಲಿಲ್ಲ, ಚೆಲ್ಲಿದ ಕಾಳಿನ ನಡುವೆ ನಿಂತು ಕೂಗು ಎಷ್ಟು ಸಲ ಬಂತೋ ಅಷ್ಟು ಸಲ ಕೇಳಿದರು. ಹಕ್ಕಿಗಳು ಅವರ ಪಾದದ ಸುತ್ತ ತಿನ್ನುತ್ತಿದ್ದವು.

ಟೊಂಗೆ ಕಳಚಿತು. ಎರಡು ಹಗ್ಗದಲ್ಲಿ ತೂಗಿ, ಕೊಟ್ಟಿಗೆಯನ್ನು ಮುಟ್ಟದೆ, ಮೆಲ್ಲಗೆ ಇಳಿದು ಹಾಸುಗಲ್ಲಿನ ಮೇಲೆ ಮಲಗಿತು. ಲಗಮಣ್ಣ ಇಳಿದು ಬಂದು, ತಾನು ಮನೆಯಿಂದ ತಂದ ಬಾಟಲಿಯ ನೀರು ಕುಡಿದನು. ಅವನ ಅಂಗಿ ಬೆವರಿನಿಂದ ತೋಯ್ದು ಬೆನ್ನಿಗೆ ಹತ್ತಿತ್ತು. ಕೆಂಪವ್ವ ಆ ಹಸಿ ಬೆನ್ನಿನ ಮೇಲೆ ಕೈಯಿಟ್ಟು ನೋಡಿದಳು.

ಬಿಸಿಲು ಇನ್ನೂ ಅಂಗಳಕ್ಕೆ ಬಂದಿರಲಿಲ್ಲ.